ನೀಲಿ ಝುಮುಲಿ

ಇಲ್ಲದ ಊರಿನ ಊಟ ಮಾಡಿಕೊಡಿ ಅಂತ ಬೇರೆ ಯಾರಾದರೂ ಕೇಳಿದ್ದರೆ, ಹೋಗಿ ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಹೇಳಿ ಕಳಿಸುತ್ತಿದ್ದೆ. ಕೇಳಿದ್ದು ನನ್ನ ಗಂಡನ ಮಗಳು. ಅದೂ ನನ್ನನ್ನಲ್ಲ, ಅವಳಪ್ಪನನ್ನು.

"ಅಪ್ಪಾ, ಶನಿವಾರ ಕೆವಾರದ ಕೊನೇ ಕಂತು. ಫ್ರೆಂಡ್ಸ್ ಇಬ್ರು ಬರ್ತಾರೆ. ಝುಮುಲಿ ಮಾಡಿಸ್ತೀಯಾ?"

"ಮಾಡಿಸೋಣ ಬಿಡು," ಅಂದರು ಇವರು, ಪೇಪರಿನಿಂದ ತಲೆ ಎತ್ತದೆ.

ಮಾಡಿಸೋಣ ಅಂದರೆ ಯಾರ ಕೈಯಲ್ಲಿ ಎಂದು ಬೇರೆ ಹೇಳಬೇಕೇ? ನಾನು ಪಾತ್ರೆ ಒರೆಸುತ್ತಾ ಅಲ್ಲೇ ನಿಂತಿದ್ದೆ. ಹುಡುಗಿ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟ 'ನಿಮ್ಮಿಂದ ಆಗುತ್ತಾ' ಅಂತಲೋ, 'ನೀವೇನೂ ಮಾಡಬೇಕಾಗಿಲ್ಲ' ಅಂತಲೋ, ನನಗೆ ತಿಳಿಯಲಿಲ್ಲ. ಈ ಮನೆಗೆ ಬಂದಾಗಿನಿಂದ ಅವಳ ಯಾವ ನೋಟವೂ ನನಗೆ ತಿಳಿದಿಲ್ಲ. ಒಂದು ದಿನವೂ ಎದುರಾಡಿದವಳಲ್ಲ, ಮುಖ ಊದಿಸಿಕೊಂಡವಳಲ್ಲ. 'ನೀವು', 'ಹೂಂ', 'ಬೇಡ' ಈ ಮೂರು ಮಾತಿನಲ್ಲೇ ಸಂಸಾರ ಸಾಗಿತ್ತು. ಜಗಳವಾದರೂ ಆಡಬಾರದೇ ಎಂದು ಎಷ್ಟೋ ಸಲ ಅನಿಸಿದೆ.

ಆ ವಾರ ಬೇರೆಯೇ ಒಂದು ಸಂಕಟ ನಡೆದಿತ್ತು. ತೀರಿಕೊಂಡ ಅವಳಮ್ಮನ ತಾಯಿ, ಅಂದರೆ ಅವಳ ಅಜ್ಜಿ, ರಜೆ ಮುಗಿದ ಮೇಲೆ ಮೊಮ್ಮಗಳನ್ನು ತಮ್ಮಲ್ಲೇ ಇಟ್ಟುಕೊಂಡು ಅಲ್ಲಿಯ ಶಾಲೆಗೇ ಸೇರಿಸುತ್ತೇನೆ ಅಂದಿದ್ದರು. "ಅವಳಿಷ್ಟ" ಅಂದುಬಿಟ್ಟಿದ್ದರು ಇವರು. ಭಾನುವಾರ ಅಜ್ಜಿ ಫೋನ್ ಮಾಡುತ್ತಾರೆ, ಹುಡುಗಿ ಹೋಗುತ್ತೇನೆ ಅಥವಾ ಇಲ್ಲ ಎನ್ನಬೇಕು. ಹೋದರೆ ನಾಲ್ಕು ಜನ ನನ್ನ ಕಡೆ ಬೆರಳು ತೋರಿಸುತ್ತಾರೆ ಎಂಬ ಭಯ ನನಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಅವಳು ಇರಲಿ ಎಂಬ ಆಸೆಯಿತ್ತು. ಬೆಳಿಗ್ಗೆ ಬಾತ್‌ರೂಮಿನಲ್ಲಿ ಅವಳು ತಾಳ ತಪ್ಪಿ ಹಾಡುವುದು ಕೇಳದಿದ್ದರೆ ನನಗೆ ಕಾಫಿ ಇಳಿಯುತ್ತಿರಲಿಲ್ಲ. ಅದನ್ನು ಅವಳಿಗೆ ಹೇಳುವುದು ಹೇಗೆ? ಇರುವುದೇ ಮೂರು ಮಾತು.

ಹಾಗಾಗಿ ಝುಮುಲಿ.

ಕೆವಾರ ಎಂಬುದು ಹುಡುಗಿ ನೋಡುವ ಟಿವಿ ಧಾರಾವಾಹಿಯವರು ಕಟ್ಟಿದ ನಾಡು. ಅಲ್ಲಿಯವರು ನೆಲದಡಿಯ ಗುಹೆಗಳಲ್ಲಿ ಬದುಕುತ್ತಾರೆ. ಎರಡು ಮಾತಿಗೊಮ್ಮೆ ಕತ್ತಿ ಹಿರಿಯುತ್ತಾರೆ, ಕತ್ತಿ ಒಳಗಿಟ್ಟ ಮೇಲೆ ಝುಮುಲಿ ತಿನ್ನುತ್ತಾರೆ. ಅದರಲ್ಲಿ ಏನೇನಿದೆ ಎಂದು ಯಾರೂ ಬಾಯಿ ಬಿಡುವುದಿಲ್ಲ. ಒಂದು ಕಂತಿನಲ್ಲಿ ಮುದುಕಿಯೊಬ್ಬಳು 'ಕಲ್ಲಿನ ಹಾಲು' ಅಂದಳು. ಇನ್ನೊಂದರಲ್ಲಿ ರಾಜ 'ಕುರುಡು ಮೀನಿನ ಮೊಟ್ಟೆ ಕಮ್ಮಿಯಾಯಿತು' ಎಂದು ಅಡುಗೆಯವನನ್ನು ಸೆರೆಮನೆಗೆ ಹಾಕಿಸಿದ. ಮೊಬೈಲಿನಲ್ಲಿ ಹುಡುಕಿದರೆ ತಲೆ ಇನ್ನೂ ಕೆಟ್ಟಿತು. ಅಭಿಮಾನಿಗಳು ಮಾಡಿ ಹಾಕಿದ ಝುಮುಲಿಗಳಲ್ಲಿ ಒಂದು ಹಸಿರು, ಒಂದು ಕಂದು, ಒಂದಕ್ಕೆ ಮೇಲೆ ಚೆರ್ರಿ ಬೇರೆ. ಗುಹೆಯಲ್ಲಿ ಚೆರ್ರಿ ಎಲ್ಲಿಂದ ಬರಬೇಕು? ಎಲ್ಲರೂ ಬಾಯಿಗೆ ಬಂದದ್ದನ್ನು ಬರೆದಿದ್ದರು. ಇವರನ್ನು ನಂಬುವುದಕ್ಕಿಂತ ನನ್ನ ಕಣ್ಣನ್ನೇ ನಂಬುತ್ತೇನೆ ಅಂದುಕೊಂಡೆ.

ನನ್ನ ಕಣ್ಣಿನ ಮೇಲೆ ನನಗೆ ಸ್ವಲ್ಪ ಜಂಬವೇ. ನಾನು ಹಲ್ಲಿನ ಸೆಟ್ ಮಾಡುವವಳು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಮ್ಮ ಲ್ಯಾಬಿನಲ್ಲಿ ಅದಕ್ಕೆ ಹಲ್ಲು ಕೂರಿಸುತ್ತೇವೆ. ಯಾರ ಬಾಯಿಯೋ, ಎಂಥ ಮುಖವೋ ನೋಡಿರುವುದಿಲ್ಲ. ಬಣ್ಣ ಹೊಂದಿಸಲು ಒಂದು ಪಟ್ಟಿಯಿರುತ್ತದೆ: ಹಾಲಿನಂಥ ಬಿಳಿಯಿಂದ ಹಳೇ ದಂತದ ಬಣ್ಣದವರೆಗೆ, ಪುಟ್ಟ ಪುಟ್ಟ ಹಲ್ಲುಗಳ ಸಾಲು. ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನೋಡಬಾರದು, ಕಿಟಕಿಯ ಬೆಳಕಿನಲ್ಲೇ ನೋಡಬೇಕು ಎಂದು ಹೊಸದಾಗಿ ಸೇರುವವರಿಗೆ ನಾನೇ ಪಾಠ ಹೇಳುವುದು.

ಲ್ಯಾಬಿನಲ್ಲಿ ಪಕ್ಕದ ಮೇಜಿನವಳಿಗೆ ವಿಷಯ ಹೇಳಿದೆ. ಅವಳು ಪಾಲಿಶ್ ಯಂತ್ರ ನಿಲ್ಲಿಸಿ ನಕ್ಕಳು.

"ಅಲ್ಲ ಕಣೇ, ಇರೋ ಊಟಾನೇ ನೀನು ನೆಟ್ಟಗೆ ಮಾಡಲ್ಲ. ಇಲ್ದೇ ಇರೋದನ್ನ ಮಾಡ್ತೀಯಾ?"

"ಇಲ್ದೇ ಇರೋದು ಕೆಟ್ಟರೆ ಕೆಟ್ಟಿದೆ ಅಂತ ಯಾರಿಗೆ ಗೊತ್ತಾಗುತ್ತೆ?" ಅಂದೆ. ಮಾತೇನೋ ಜೋರಾಗೇ ಬಂತು, ಧೈರ್ಯ ಮಾತ್ರ ಒಂದಿಷ್ಟೂ ಇರಲಿಲ್ಲ.

ಹುಡುಗಿ ಟ್ಯೂಷನ್ನಿಗೆ ಹೋದಾಗ ರೆಕಾರ್ಡ್ ಮಾಡಿಟ್ಟ ಕಂತು ಹಾಕಿ, ಝುಮುಲಿ ಬಂದ ಕಡೆ ನಿಲ್ಲಿಸಿದೆ. ಗಟ್ಟಿ ಗಂಜಿಯಂಥದ್ದು, ಅದರೊಳಗೆ ಉಂಡೆಗಳು, ಮೇಲೆ ಮಿಣಮಿಣ ಹೊಳೆಯುವ ಮಣಿಗಳು. ಬಣ್ಣ ತಿಳಿ ನೀಲಿ. ಕಿಟಕಿಯ ಪರದೆ ಸರಿಸಿ ಹತ್ತಿರದಿಂದ ನೋಡಿದೆ, ದೂರದಿಂದ ನೋಡಿದೆ. ನೀಲಿಯೇ.

ಉಂಡೆಗೆ ಆಲೂಗಡ್ಡೆ ಬೇಯಿಸಿ, ಮೆಣಸು ಬೆಳ್ಳುಳ್ಳಿ ಹಾಕಿ ನಾದಿದೆ. ಮೀನಿನ ಮೊಟ್ಟೆಗೆ ಸಬ್ಬಕ್ಕಿ. ಗಂಜಿಗೆ ಹಾಲು, ಕಾರ್ನ್‌ಫ್ಲೋರ್. ಅಲ್ಲಿಯವರೆಗೆ ಸರಿ ಹೋಯಿತು. ನೀಲಿ ತರುವುದೆಲ್ಲಿಂದ? ಅಂಗಡಿಯ ಬಣ್ಣ ಹುಡುಗಿಗೆ ಆಗುವುದಿಲ್ಲ, ಮೈಯೆಲ್ಲ ದದ್ದು ಏಳುತ್ತದೆ. ನೇರಳೆ ಎಲೆಕೋಸು ಬೇಯಿಸಿದ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೀಲಿಯಾಗುತ್ತದೆ ಎಂದು ಎಲ್ಲೋ ಓದಿದ ನೆನಪು. ಚಿಟಿಕೆ ಎಂದರೆ ಎಷ್ಟು? ಮೊದಲ ಸಲ ಹಸಿರಾಯಿತು. ಸರಿಮಾಡಲು ಬೇರೆ ಬಟ್ಟಲಿಗೆ ಸ್ವಲ್ಪ ಬಗ್ಗಿಸಿ ನಿಂಬೆ ಹಿಂಡಿದೆ, ಗುಲಾಬಿಯಾಯಿತು. ಮೂರನೆಯ ಬಟ್ಟಲಿನಲ್ಲಿ ಮತ್ತೆ ಸೋಡಾ ಹಾಕಿದೆ, ಬಣ್ಣ ನೀಲಿಗೆ ಬಂತು, ರುಚಿ ಸೋಪಿಗೆ ಹೋಯಿತು. ಅಡುಗೆಮನೆಗೆ ಬಂದ ಇವರು ಮೂರು ಬಟ್ಟಲನ್ನೂ ನೋಡಿ, "ಇದರಲ್ಲಿ ಕುಡಿಯೋದು ಯಾವುದು, ಬಟ್ಟೆ ನೆನೆಸೋದು ಯಾವುದು?" ಅಂದರು. ಮೊದಲು ಇಲ್ಲಿಂದ ಹೊರಡಿ ಅಂದೆ.

ಬಿಳಿ ಟೈಲ್ಸಿನ ಚೂರಿನ ಮೇಲೆ ಒಂದೊಂದೇ ತೊಟ್ಟು ಹಾಕಿ, ಟಿವಿಯ ಪಕ್ಕ ಹಿಡಿದು ಹಿಡಿದು ಹೊಂದಿಸಿದೆ. ಶುಕ್ರವಾರದ ಹೊತ್ತಿಗೆ ಟಿವಿಯ ಬಣ್ಣಕ್ಕೂ ಟೈಲ್ಸಿನ ಮೇಲಿನ ತೊಟ್ಟಿನ ಬಣ್ಣಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನನ್ನ ಜೀವಮಾನದಲ್ಲಿ ಯಾವ ಹಲ್ಲನ್ನೂ ಅಷ್ಟು ಚೆನ್ನಾಗಿ ಹೊಂದಿಸಿಲ್ಲ.

ಶನಿವಾರ ಸಂಜೆ ಗೆಳತಿಯರಿಬ್ಬರು ಬಂದರು, ಒಬ್ಬಳು ಉದ್ದ ಜಡೆಯವಳು, ಇನ್ನೊಬ್ಬಳು ಕನ್ನಡಕದವಳು. ನಾನು ಪಾತ್ರೆ ತಂದು ನಡುವೆ ಇಟ್ಟು ಮುಚ್ಚಳ ತೆಗೆದೆ. ಹುಡುಗಿ ಬಗ್ಗಿ ನೋಡಿದಳು. ಕಣ್ಣು ಅರಳಿತು, ನಾನು ಕಣ್ಣಾರೆ ಕಂಡೆ.

"ಇದೇನು?" ಅಂದಳು ಜಡೆ.

"ಝುಮುಲಿ. ಕಾಣ್ಸಲ್ವಾ?" ಅಂದಳು ನಮ್ಮವಳು.

"ಝುಮುಲಿ ಬಿಳಿ ಅಲ್ವಾ?"

"ನೀಲಿ."

"ಬಿಳಿ ಕಣೇ! ಹಾಲಿನ ಥರ, ಸ್ವಲ್ಪ ಹಳದಿ ಮಿಕ್ಸು."

ಇವರಿಗೆ ಏನನಿಸಿತೋ, ಈಗಲೇ ನೋಡಿಬಿಡೋಣ ಎಂದು ಟಿವಿಯಲ್ಲಿ ರೆಕಾರ್ಡ್ ಮಾಡಿಟ್ಟ ಕಂತು ಹಾಕಿದರು. ಕೆವಾರದ ರಾಜ ಕಾಣಿಸಿಕೊಂಡ. ಕನ್ನಡಕದವಳು ಕಿಟಾರನೆ ಕಿರುಚಿದಳು.

"ಅಯ್ಯೋ, ನಿಮ್ಮ ಟಿವಿಗೆ ಏನಾಗಿದೆ ಅಂಕಲ್? ಎಲ್ರೂ ಹೆಣದ ಥರ ನೀಲಿಗಟ್ಟಿದಾರೆ!"

ನಾವೆಲ್ಲ ಟಿವಿಯ ಮುಂದೆ ಸೇರಿದೆವು. ಜಡೆಯವಳು ಮೊಬೈಲಿನಲ್ಲಿ ಅದೇ ಕಂತು ತೆರೆದು ಪಕ್ಕಕ್ಕೆ ಹಿಡಿದಳು. ಅಲ್ಲಿ ರಾಜನ ಮುಖದಲ್ಲಿ ಜೀವಕಳೆಯಿತ್ತು, ಕೆನ್ನೆ ಕೆಂಪಗಿತ್ತು. ಅವನ ಬಟ್ಟಲಿನಲ್ಲಿ ಝುಮುಲಿ ಬೆಳ್ಳಗಿತ್ತು, ನನ್ನ ಲ್ಯಾಬಿನ ಪಟ್ಟಿಯ ಮೂರನೆಯ ಹಲ್ಲಿನ ಬಣ್ಣ. ನಿದ್ದೆಗಣ್ಣಿನಲ್ಲೂ ಗುರುತಿಸುತ್ತಿದ್ದೆ ಅದನ್ನು.

"ಗುಹೆ ಅಂದ್ರೆ ಹಾಗೇ ಇರುತ್ತೆ ಅಂದ್ಕೊಂಡಿದ್ದೆ," ಅಂದರು ಇವರು, ಸಣ್ಣಗೆ.

"ವಾರ್ತೆ ಓದುವವರೂ ಗುಹೇಲಿ ಇರ್ತಾರೇನ್ರೀ?" ಎಂದು ಅವರ ಮೇಲೆ ರೇಗಿದೆ. ಆದರೆ ದಿನವೂ ಅದೇ ಟಿವಿ ನೋಡುತ್ತಿದ್ದ ನನಗೇನಾಗಿತ್ತು? ಕಿಟಕಿ, ಬೆಳಕು ಎಂದು ಊರಿಗೆಲ್ಲ ಪಾಠ ಹೇಳುವವಳು, ಮನೆಯ ಟಿವಿಯನ್ನು ಒಂದು ದಿನವೂ ಅನುಮಾನಿಸಲಿಲ್ಲ. ಕಣ್ಣು ಯಾವಾಗ ಒಗ್ಗಿಹೋಯಿತೋ. ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹುಡುಗಿ ಸರಸರ ಒಳಗೆ ಹೋದಳು.

ಮುಗಿಯಿತು ಅಂದುಕೊಂಡೆ. ನಾಳೆ ಅಜ್ಜಿಗೆ 'ಬರ್ತೀನಿ' ಅನ್ನುತ್ತಾಳೆ. ಗೆಳತಿಯರ ಮುಂದೆ ಮಾನ ಕಳೆದ ಮನೆಯಲ್ಲಿ ಯಾವ ಮಗು ಇರುತ್ತದೆ? ಪಾತ್ರೆ ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿಯಬೇಕೆಂದು ಬಗ್ಗಿದೆ. ಕಣ್ಣು ತುಂಬಿಕೊಂಡಿತ್ತು, ಪಾತ್ರೆಯ ಹಿಡಿಯೇ ಸಿಗುತ್ತಿರಲಿಲ್ಲ.

"ಅದನ್ನ ಎಲ್ಲಿಗೆ ತಗೊಂಡು ಹೋಗ್ತಿದೀರಾ?"

ಹುಡುಗಿ ನಾಲ್ಕು ದಿಂಬು ತಬ್ಬಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನಮ್ಮನೇಲಿ ಝುಮುಲಿ ನೀಲಿನೇ," ಅಂದಳು ಗೆಳತಿಯರಿಗೆ. "ಬೇಕಾದ್ರೆ ತಿನ್ನಿ, ಇಲ್ಲಾಂದ್ರೆ ಬಿಡಿ."

ಅವರು ನಗು ನಿಲ್ಲಿಸಿದರು. ಕೆವಾರದವರು ಜೋಡಿ ಜೋಡಿಯಾಗಿ, ಒಬ್ಬರ ಬೆನ್ನಿಗೆ ಒಬ್ಬರು ಒರಗಿ ಕೂತು ಉಣ್ಣುತ್ತಾರೆ, ಶತ್ರು ಯಾವ ಕಡೆಯಿಂದ ಬಂದರೂ ಕಾಣಬೇಕಲ್ಲ. ದಿಂಬುಗಳನ್ನು ಹಾಗೇ ಜೋಡಿಸಿದಳು. ಜಡೆ ಮತ್ತು ಕನ್ನಡಕ ಒಂದು ಜೋಡಿಯಾಗಿ ಕೂತರು. ಇವರು ಮೊಣಕಾಲು ನೋವಿನವರು, ಕುರ್ಚಿ ಬಿಟ್ಟು ನೆಲಕ್ಕೆ ಕೂರುವವರಲ್ಲ. ಹುಡುಗಿ ಒಂದು ದಿಂಬಿನ ಮೇಲೆ ಕೂತು, ಹಿಂದಿನ ದಿಂಬನ್ನು ತಟ್ಟಿದಳು. ಯಾರಿಗೆ ಎಂದು ಅತ್ತಿತ್ತ ನೋಡಿದೆ.

"ಕೂತ್ಕೊಳ್ಳಿ. ಆರಿಹೋಗುತ್ತೆ."

ಕೂತೆ. ಬಟ್ಟಲು ತೊಡೆಯ ಮೇಲಿಟ್ಟುಕೊಂಡೆ. ಅವಳ ಬೆನ್ನಿನ ಎಲುಬು ನನ್ನ ಬೆನ್ನಿಗೆ ತಾಕಿತು. ಇಷ್ಟು ತಿಂಗಳಲ್ಲಿ ನಾವು ಮೈ ತಾಕಿಸಿದ್ದು ಅದೇ ಮೊದಲು. ಅವಳ ಮುಖ ಕಾಣುತ್ತಿರಲಿಲ್ಲ. ಕನಿಕರವೋ, ಹಟವೋ, ಗೆಳತಿಯರ ಮೇಲಿನ ಸಿಟ್ಟೋ, ನನಗೆ ತಲೆಬುಡ ತಿಳಿಯಲಿಲ್ಲ. ಟಿವಿಯಲ್ಲಿ ನೀಲಿ ರಾಜ ಸಾಯುತ್ತಿದ್ದ. ಹಿಂದೆ ಚಮಚ ಬಟ್ಟಲಿಗೆ ತಾಗುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಿಸಿತು.

"ಉಪ್ಪು ಕಮ್ಮಿ," ಅಂದಳು.

"ಹೌದಾ?"

"ಹೂಂ. ಮುಂದಿನ ಸಲ ಜಾಸ್ತಿ ಹಾಕು."

ಮುಂದಿನ ಸಲ ಎಂದರೆ ಯಾವಾಗ? ಧಾರಾವಾಹಿ ಇವತ್ತಿಗೆ ಮುಗಿಯುತ್ತದೆ. ಕೇಳಲು ಹೆದರಿಕೆ, ಕೇಳದಿರಲು ಆಗದು. "ಯಾವಾಗ ಮಾಡ್ಲಿ?" ಅಂದೆ.

"ಸ್ಕೂಲ್ ಶುರುವಾಗ್ಲಿ. ಡಬ್ಬಿಗೆ ಹಾಕ್ಕೊಡು. ಇವರಿಬ್ಬರ ಪಕ್ಕದಲ್ಲೇ ಕೂತು ದಿನಾ ನೀಲಿದೇ ತಿಂತೀನಿ."

ನಾನು ಹಿಂದಕ್ಕೆ ತಿರುಗಲಿಲ್ಲ. ಪೂರ್ತಿ ಭಾರ ಬಿಟ್ಟು ಒರಗಿದ್ದಳು, ತಿರುಗಿದ್ದರೆ ಬಟ್ಟಲು ಸಮೇತ ಇಬ್ಬರೂ ಉರುಳುತ್ತಿದ್ದೆವು.