ಒದ್ದೆ ಹಳದಿ

ಮನೆಗೆ ದೋಣಿಯ ಪೇಂಟು ಬಳಿದವರನ್ನು ಚಂದಯ್ಯ ಗಂಗೊಳ್ಳಿಯಲ್ಲಿ ಬೇಕಾದಷ್ಟು ಕಂಡಿದ್ದ. ಕಡಲನ್ನೇ ತಡೆಯುವ ಬಣ್ಣ ಒಂದು ಗೋಡೆಯನ್ನು ಕಾಯದೇ ಇದ್ದೀತೇ ಎಂಬುದು ಅವರ ಲೆಕ್ಕ. ಆದರೆ ದೋಣಿಗೆ ನೀರು ಬರುವುದು ಹೊರಗಿನಿಂದ, ಗೋಡೆಗೆ ಬುಡದಿಂದ. ಎಣ್ಣೆ ಪೇಂಟು ಬಳಿದು ಬಾಯಿ ಮುಚ್ಚಿಸಿದರೆ ಗೋಡೆ ಬೆವರಲಾರದೆ ಊದಿಕೊಳ್ಳುತ್ತದೆ. ಗುರುವನ ಮನೆಯ ಎದುರುಗೋಡೆಗೆ ಆದದ್ದೂ ಅದೇ. ಒಂದೇ ಮಳೆಗಾಲಕ್ಕೆ ಹಳದಿ ಬಣ್ಣ ಹಪ್ಪಳದ ಹಾಗೆ ಎದ್ದು, ಬೆರಳಿಟ್ಟರೆ ಅಂಗೈಯಗಲ ಕಳಚಿ ಬೀಳುತ್ತಿತ್ತು.

ಇಪ್ಪತ್ತೆರಡು ವರ್ಷದಿಂದ ಬಣ್ಣದ ಕೆಲಸ ಮಾಡುತ್ತಿದ್ದ ಉಪ್ಪುಂದದ ಚಂದಯ್ಯನನ್ನು ಗುರುವನ ಹೆಂಡತಿ ಅಮ್ಮಣಿ ಕರೆಸಿದ್ದು ಎರಡು ಸಾವಿರದ ಒಂಬತ್ತರ ದೀಪಾವಳಿ ಕಳೆದ ವಾರ.

"ಪೂರಾ ಕೆರ್ದ್ ತೆಗ್ದ್ ಬಿಳಿ ಹೊಡಿವ ಅಕ್ಕ. ಮದ್ವಿ ಮನಿ ಹಾಂಗ್ ಕಾಣತ್ತ್" ಎಂದ ಚಂದಯ್ಯ.

"ಬಿಳಿ ಬ್ಯಾಡ. ಬಿಳಿ ಅವ್ರಿಗೆ ಕಾಣ್ತಿಲ್ಲೆ."

ಗುರುವ ಮೂವತ್ತು ವರ್ಷ ತನ್ನದೇ ದೋಣಿಯಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆ ದಾಟಿ, ಕಡಲಿಗೆ ಹೋದವನು. ಈಗ ಕಣ್ಣಿನ ಹಿಂದಿನ ಪರದೆ ಸವೆದಿದೆ, ಆಪರೇಷನ್ನಿಂದ ಪ್ರಯೋಜನವಿಲ್ಲ ಎಂದಿದ್ದರು ಡಾಕ್ಟರು. ಮುಖ ಗೊತ್ತಾಗುವುದಿಲ್ಲ, ಬಾಗಿಲು ಗೊತ್ತಾಗುವುದಿಲ್ಲ, ದೊಡ್ಡ ದೊಡ್ಡ ಬಣ್ಣ ಮಾತ್ರ ಗೊತ್ತಾಗುತ್ತದೆ. ಗೋಡೆಯ ಹಳದಿ ಕಳಚತೊಡಗಿದ ಮೇಲೆ, ಶ್ರಾವಣದಲ್ಲಿ ಒಂದು ದಿನ ಬಂದರಿನಿಂದ ಮರಳುವಾಗ ಮೂರು ಮನೆ ಆಚೆಯ ಜಗಲಿ ಹತ್ತಿ ಕೂತು, "ಚಾ ಆಯ್ತಾ?" ಎಂದು ಕೇಳಿಬಿಟ್ಟಿದ್ದ. ಆ ಮನೆಯ ಮಕ್ಕಳು ನಕ್ಕಿದ್ದವು. ಅಂದಿನಿಂದ ಅವನು ಅಂಗಳ ಇಳಿದಿರಲಿಲ್ಲ. ಬಂದರಿನ ಗಾಳಿ ಇಲ್ಲದೆ ಆ ಮನುಷ್ಯ ಒಣಮೀನಿನ ಹಾಗಾಗಿದ್ದ.

"ದೋಣಿ ಹಳ್ದಿ ಆದ್ರೆ ಅವ್ರಿಗೆ ಗುರ್ತ ಸಿಕ್ಕತ್ತ್. ಅದಕ್ಕೇ ಬಳಿಸದ್ದ್. ಅದ್ ಹೀಂಗಾಯ್ತ್" ಎಂದಳು ಅಮ್ಮಣಿ.

ದೋಣಿ ಮಾರಿ ಎರಡು ವರ್ಷವಾಗಿತ್ತು. ಕೊಂಡವರು ನೀಲಿ ಬಳಿದಿದ್ದರು. ಒಮ್ಮೆ ಹಲಗೆ ಬದಲಿಸಿದಾಗ ಉಳಿದ ತುಂಡೊಂದು ಅಮ್ಮಣಿಯ ಬಚ್ಚಲಲ್ಲಿ ಮಣೆಯಾಗಿತ್ತು. ಅದರ ಅಡಿಭಾಗದಲ್ಲಿ ಹಳೆಯ ಹಳದಿ ಇನ್ನೂ ಇತ್ತು. ಆ ಮಣೆಯನ್ನು ಮೀನು ಮಾರುವ ತನ್ನ ಬುಟ್ಟಿಯಲ್ಲಿಟ್ಟುಕೊಂಡು ಅವಳೂ ಚಂದಯ್ಯನೂ ಹೊಳೆ ದಾಟಿ ಕುಂದಾಪುರದ ಉಮಾನಾಥನ ಪೇಂಟಿನಂಗಡಿಗೆ ಹೋದರು.

ಉಮಾನಾಥ ಬಣ್ಣ ಬೆರೆಸುವ ಹೊಸ ಮಿಷನ್ನು ತಂದಿದ್ದ ಕಾಲ ಅದು. ಸಾವಿರಕ್ಕೂ ಮಿಕ್ಕಿದ ಬಣ್ಣಗಳ ಪುಸ್ತಕ ಬಿಡಿಸಿದ. ಅಮ್ಮಣಿ ಪುಟ ತಿರುವಿದಳು. "ದೇವ್ರೇ, ಇಷ್ಟ್ ಬಣ್ಣ ಕಡ್ಲಂಗೂ ಇಲ್ಲೆ" ಎಂದು ಮೆಲ್ಲಗೆ ಹೇಳಿದಳು. ಉಮಾನಾಥ ಅಂಗೈಯಷ್ಟಿನ ಒಂದು ಪೆಟ್ಟಿಗೆಯನ್ನು ಮಣೆಗೆ ಒತ್ತಿದ. ಅದು ಬಣ್ಣವನ್ನು ಓದಿತು, ಮಿಷನ್ನು ಹನಿ ಹನಿ ಸುರಿಯಿತು, ಡಬ್ಬಿ ಗಡಗಡ ಕುಲುಕಿತು. ಚಂದಯ್ಯ ಅದನ್ನು ಹತ್ತು ಸಲ ನೋಡಿದ್ದರೂ ಉಸಿರು ಹಿಡಿದೇ ನೋಡಿದ.

ರಟ್ಟಿನ ಮೇಲೆ ಬಳಿದು ಒಣಗಿಸಿದ ಬಣ್ಣವನ್ನು ಅಮ್ಮಣಿ ಬಿಸಿಲಿಗೆ ಒಯ್ದಳು.

"ಇದ್ ಅಲ್ಲ."

"ಅಕ್ಕ, ಮಿಷನ್ ಸುಳ್ಳ್ ಹೇಳುದಿಲ್ಲೆ" ಎಂದ ಉಮಾನಾಥ.

"ಸುಳ್ಳ್ ಹೇಳಿತ್ ಅಂತ ನಾನೂ ಹೇಳ್ಲಿಲ್ಲೆ. ಅದ್ ಯಾವತ್ತಾರೂ ಅಳ್ವಿ ಬಾಯಂಗೆ ನಿಂತ್ಕಂಡ್ ಕಂಡಿತ್ತಾ?"

ಎರಡನೆಯದೂ ಅಲ್ಲ, ಮೂರನೆಯದೂ ಅಲ್ಲ. ಅಂಗಡಿಗೆ ಕರೆತಂದ ತನ್ನ ಮರ್ಯಾದೆಯ ಗತಿಯೇನು ಎಂದು ಚಂದಯ್ಯ ಮುಖ ತಿರುಗಿಸಿ ನಿಂತ. ಮಣೆಗೂ ರಟ್ಟಿಗೂ ಅವನ ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ.

"ನೀವ್ ಮೀನ್ ಮಾರುವತ್ತಿಗೆ ಹೀಂಗಿದ್ ಗಿರಾಕಿ ಬಂದ್ರೆ ಎಂತ ಮಾಡ್ತ್ರಿ?" ಎಂದು ಕೇಳಿದ ಉಮಾನಾಥ.

"ಮೀನಿನ್ ಕಿವಿ ಎತ್ತಿ ಒಳ್ಗಿನ್ ಕೆಂಪ್ ತೋರ್ಸ್ತೆ. ನೀವೂ ಡಬ್ಬಿ ಕಿವಿ ಎತ್ತಿ ತೋರ್ಸಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಉಮಾನಾಥನೂ ನಕ್ಕ. ಚಂದಯ್ಯ ಮಾತ್ರ ಏನೋ ಹೊಳೆದವನಂತೆ ಕೇಳಿದ, "ಅಕ್ಕ, ನೀವ್ ಆ ಹಳ್ದಿ ಕಂಡದ್ದ್ ಯಾವತ್ತಿಗೆ?"

"ದಿನಾ ಕಂಡದ್ದೇ. ಬೆಳಿಗ್ಗೆ ದೋಣಿ ಎಲ್ಲ ಅಳ್ವಿ ದಾಂಟಿ ಒಳ್ಗ್ ಬಪ್ಪತ್ತಿಗೆ. ಇನ್ನೂರ್ ದೋಣಿ ಇರ್ಲಿ, ಮಂಜ್ ಇರ್ಲಿ, ಅವ್ರದ್ ಯಾವ್ದ್ ಅಂತ ನಾ ಬುಟ್ಟಿ ಎತ್ತಿ..."

ಅಮ್ಮಣಿ ತಿರುಗಿ ಮಣೆಯನ್ನೊಮ್ಮೆ ನೋಡಿದಳು. "ಒಂದ್ ಚೆಂಬ್ ನೀರ್ ಕೊಡಿ" ಎಂದಳು.

ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲಿಗೆ ಮಣೆ ಹಿಡಿದು ನೀರು ಸುರಿದಳು. ಸತ್ತು ಮಲಗಿದ್ದ ಹಳದಿ ಒಳಗಿನಿಂದ ಎದ್ದು ಬಂತು. ಅದಕ್ಕೊಂದು ಕೆಂಪಿನ ನೆರಳು ಬಂತು, ಹೊಳಪು ಬಂತು. ಬೇರೆಯೇ ಬಣ್ಣ ಅದು. ಮೂವತ್ತು ವರ್ಷ ಅವಳು ನೋಡಿದ್ದು ಒದ್ದೆ ದೋಣಿಯನ್ನು. ಒಣಗಿ ದಡದಲ್ಲಿ ಕೂತ ದೋಣಿಯನ್ನು ಗುರುತು ಹಿಡಿಯುವ ಅಗತ್ಯ ಯಾರಿಗಿತ್ತು?

"ಇದ್" ಎಂದಳು ಅಮ್ಮಣಿ.

ಉಮಾನಾಥ ಪೆಟ್ಟಿಗೆ ಒತ್ತಿದ. ನೀರಿನ ಹೊಳಪಿಗೆ ಅದು ಗಲಿಬಿಲಿಗೊಂಡು ಒಂದೊಂದು ಸಲ ಒಂದೊಂದು ಲೆಕ್ಕ ಹೇಳಿತು. ಅವನು ಅದನ್ನು ಮೇಜಿನ ಮೇಲಿಟ್ಟು, "ಇನ್ನ್ ನಿಮ್ ಕಣ್ಣೇ ಮಿಷನ್ ಅಕ್ಕ" ಎಂದು ಕೈಮುಗಿದ.

ಯಾವ ಜಾತಿಯ ಪೇಂಟಿಗೆ ಆ ಬಣ್ಣ ಬೆರೆಸಬೇಕೆಂಬುದನ್ನು ಚಂದಯ್ಯ ಆರಿಸಿದ. ಗೋಡೆಯ ಬೆವರನ್ನು ಹೊರಗೆ ಬಿಡಬೇಕು, ಮಳೆಯನ್ನು ಒಳಗೆ ಬಿಡಬಾರದು. ಒಣಗಿದ ಮೇಲೂ ತುಸು ಮಿನುಗಬೇಕು. ಅಗ್ಗದ ಪೇಂಟಾದರೆ ಎರಡೇ ವರ್ಷಕ್ಕೆ ಸುಣ್ಣದ ಪುಡಿಯಂತಾಗಿ ಉಜ್ಜಿದ ಅಂಗೈಗೆ ಹತ್ತುತ್ತದೆ. ಈ ಹಳದಿ ಗುರುವ ಇರುವಷ್ಟು ಕಾಲ ಮಾಸಬಾರದು. ಡಬ್ಬಿಯೊಳಗಿನ ಬಣ್ಣವನ್ನು ನಂಬಬಾರದೆಂದು ಗೊತ್ತಿದ್ದ ಅವನು ಒಂದೊಂದು ಹನಿ ಸೇರಿಸಿದಾಗಲೂ ರಟ್ಟಿಗೆ ಬಳಿದು, ಬಿಸಿಲಲ್ಲಿ ಒಣಗಿಸಿ, ಆಮೇಲಷ್ಟೇ ಅವಳ ಮುಂದೆ ಹಿಡಿದ. "ಕೆಂಪ್ ಒಂದ್ ಹನಿ," "ಹ್ವಾಯ್, ಜಾಸ್ತಿ ಆಯ್ತ್," "ಈಗ ಹತ್ರ ಬಂತ್." ಹೀಗೆ ಮಧ್ಯಾಹ್ನ ದಾಟಿತು. ಹನ್ನೊಂದನೆಯ ರಟ್ಟನ್ನು ಒದ್ದೆ ಮಣೆಯ ಪಕ್ಕ ಇಟ್ಟಾಗ ಅವಳ ಎಡಗೈ ತನ್ನಷ್ಟಕ್ಕೆ ಕೆಳಗಿಟ್ಟಿದ್ದ ಬುಟ್ಟಿಯ ಕಡೆ ಹೋಯಿತು. ಸಾಕೆಂದು ಚಂದಯ್ಯನಿಗೆ ಗೊತ್ತಾಯಿತು.

ಗೋಡೆಯ ಹಳೇ ಚರ್ಮವನ್ನೆಲ್ಲ ಅವನು ಕೆರೆದು ತೆಗೆದ. ಹತ್ತು ದಿನ ಬಿಸಿಲಿಗೆ ಬಿಟ್ಟ. ಪ್ರೈಮರ್ ಕೊಟ್ಟು ಎರಡು ಕೋಟು ಎಳೆದ. ಅಷ್ಟೂ ದಿನ ಗುರುವ ಹಿಂದಿನ ಜಗಲಿಯಲ್ಲಿ ಕೂತಿದ್ದ. ಯಾವ ಬಣ್ಣ ಎಂದು ಅವನೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಎರಡನೆಯ ಕೋಟು ಒಣಗಿ ಎರಡು ದಿನವಾದ ಮೇಲೆ, ಬೆಳಿಗ್ಗೆ ಅಮ್ಮಣಿ ನೆರೆಮನೆಯ ದೇವುವಿನ ಜೊತೆ ಗಂಡನನ್ನು ಹಿಂದಿನ ದಾರಿಯಿಂದ ಬಂದರಿಗೆ ಅಟ್ಟಿದಳು. "ಬಪ್ಪತ್ತಿಗೆ ಎದ್ರ್ ಓಣಿ ಬಾಯಂಗ್ ಬಿಟ್ಟ್ ನೀ ಹೋಯ್ಕ್" ಎಂದು ದೇವುವಿಗೆ ಹೇಳಿದ್ದಳು.

ಕಿಟಕಿಯ ಅಂಚಿಗೆ ಕುಂಚ ಹಿಡಿದು ಏಣಿಯ ಮೇಲಿದ್ದ ಚಂದಯ್ಯನಿಗೆ ದೂರದಲ್ಲಿ ಗುರುವ ಒಬ್ಬನೇ ಬರುತ್ತಿರುವುದು ಕಂಡಿತು. ಕಂಪೌಂಡುಗಳ ಮೇಲೆ ಕೈಯಾಡಿಸುತ್ತ ಗುಲಾಬಿ ಮನೆ ದಾಟಿದ, ಹಸಿರು ಮನೆ ದಾಟಿದ. ಅಂದು ಜಗಲಿ ಹತ್ತಿದ್ದ ಮನೆಯೆದುರು ಅವನ ಹೆಜ್ಜೆ ನಿಧಾನವಾಯಿತು. ಚಂದಯ್ಯ ಕರೆಯಲು ಬಾಯಿ ತೆರೆದ. ಬಾಗಿಲಲ್ಲಿ ನಿಂತಿದ್ದ ಅಮ್ಮಣಿ ಬೇಡವೆಂದು ಕೈಯಾಡಿಸಿದಳು.

ಗುರುವ ತಲೆಯೆತ್ತಿದ. ಕಂಪೌಂಡಿನಿಂದ ಕೈ ತೆಗೆದ. ಆಮೇಲೆ ಓಣಿಯ ನಟ್ಟನಡುವೆ, ಯಾವುದನ್ನೂ ಮುಟ್ಟದೆ, ಚುಕ್ಕಾಣಿ ಹಿಡಿದವನ ಹಾಗೆ ನೇರ ನಡೆದು ಬಂದ.

"ಹ್ವಾಯ್, ನಮ್ ದೋಣಿ ಇಲ್ಲಿಗ್ ಹ್ಯಾಂಗ್ ಬಂತ್?" ಎಂದ.

"ಅಳ್ವಿ ದಾಂಟಿ ಬಂತ್. ಹತ್ತಿ ಬನ್ನಿ, ಚಾ ಆಯ್ತ್" ಎಂದಳು ಅಮ್ಮಣಿ.

ಅವನು ಗೋಡೆಯ ಹತ್ತಿರ ಬಂದವನು ಮುಟ್ಟಲು ಚಾಚಿದ ಕೈಯನ್ನು ಹಿಂದಕ್ಕೆಳೆದು, ಏಣಿಯತ್ತ ಮುಖ ಮಾಡಿ ಕೇಳಿದ, "ಒದ್ದೆ ಇತ್ತಾ?"

"ಇಲ್ಲೆ" ಎಂದ ಚಂದಯ್ಯ. "ಒಣ್ಗಿ ಎರ್ಡ್ ದಿನ ಆಯ್ತ್."