ಮುಚ್ಚಿದ ತುಂಡುಕ್

ಬೆಳಿಗ್ಗೆ ಕಂಪ್ಯೂಟರ್ ತೆರೆದ ಬುರುಲ್‌ಗೆ ಮೈಯೆಲ್ಲ ಉರಿದುಹೋಯಿತು. ನಾರಿನ್ ಊರಿನ ಗ್ರಂಥಾಲಯಕ್ಕೆಂದು ಅವಳೇ ಎಂಟು ತಿಂಗಳು ಕೂತು ಬರೆದ ಕಟ್ಟಡದ ನಕ್ಷೆ. ಅದರ ತಲೆಯ ಮೇಲೆ ಯಾರೋ ಕಾಂಕ್ರೀಟಿನ ತುಂಡುಕ್ ತಂದು ಕೂರಿಸಿದ್ದರು. ತುಂಡುಕ್ ಎಂದರೆ ಕಿರ್ಗಿಜರ ದುಂಡು ಗುಡಾರದ ನೆತ್ತಿಯ ಮರದ ಬಳೆ. ಹೊಗೆ ಹೋಗುವುದೂ ಬೆಳಕು ಬರುವುದೂ ಅದರಿಂದಲೇ. ಇದಕ್ಕೆ ತೂತೇ ಇರಲಿಲ್ಲ! ಅವಳು ಚಾವಣಿಗೆ ಇಟ್ಟಿದ್ದ ದುಂಡು ಗಾಜನ್ನು ಪೂರ್ತಿ ಮುಚ್ಚಿಬಿಟ್ಟಿತ್ತು.

ನೆಟ್ಟಗೆ ಕಚೇರಿಯ ಯಜಮಾನ ಶರ್ಶೆನ್‌ನ ಕೋಣೆಗೆ ನುಗ್ಗಿದಳು. ಅವನನ್ನು ಅವಳು ಕರೆಯುತ್ತಿದ್ದುದು ಬಾಯ್ಕೆ, ಅಂದರೆ ಅಣ್ಣ, ಎಂದೇ.

"ಇದೇನ್ ಬಾಯ್ಕೆ ಇದು?"

"ಚೆನ್ನಾಗಿಲ್ವಾ? ರಸ್ತೆಯಿಂದ ನೋಡಿದ ಕೂಡ್ಲೇ ಕಿರ್ಗಿಜರ ಕಟ್ಟಡ ಅಂತ ಗೊತ್ತಾಗ್ಬೇಕು ತಾಯಿ," ಎಂದ ಅವನು ಚಹಾ ಹೀರುತ್ತ.

"ಒಳಗೆ ಓದೋರಿಗೆ ಬೆಳಕು?"

"ಯಾಕೆ, ಟ್ಯೂಬ್‌ಲೈಟ್ ಇಲ್ವಾ?"

ಟ್ಯೂಬ್‌ಲೈಟಂತೆ! ಬೆಟ್ಟದ ಹುಲ್ಲುಗಾವಲಿನಲ್ಲಿ ಅವಳಜ್ಜಿ ಗಡಿಯಾರ ಕಂಡವಳಲ್ಲ. ತುಂಡುಕ್‌ನಿಂದ ಇಳಿದ ಬಿಸಿಲು ಗುಡಾರದ ಗೋಡೆಯಲ್ಲಿ ಎಲ್ಲಿಗೆ ಬಂತೆಂದು ನೋಡಿ ಕುದುರೆಯ ಹಾಲು ಕರೆಯಲು ಏಳುತ್ತಿದ್ದಳು. ಆ ಬಿಸಿಲು ಪುಸ್ತಕದ ಕಪಾಟಿನಿಂದ ಕಪಾಟಿಗೆ ನಡೆಯಬೇಕು, ಬುರುಲ್ ಬರೆದದ್ದು ಅಷ್ಟೇ. ಒಂಬತ್ತು ವರ್ಷದ ಕೆಲಸದಲ್ಲಿ ತನ್ನದು ಅಂತ ಅವಳಿಗೆ ಅನಿಸಿದ್ದು ಇದೊಂದೇ.

"ಯಾವ ದರಿದ್ರದವನು ಬರೆದಿದ್ದು ಈ ಮುಚ್ಚಳಾನ?"

ಶರ್ಶೆನ್ ಹೊಟ್ಟೆ ಹಿಡಿದು ನಕ್ಕ. "ನೀನೇ ಕಣಮ್ಮ! ಕೆಲ್ಸಕ್ಕೆ ಸೇರಿದ ವಾರ ಬರ್ಕೊಟ್ಟೆ. ಪೆಟ್ರೋಲ್ ಬಂಕು, ಮದುವೆ ಮಂಟಪ, ಸ್ನಾನದ ಮನೆ, ಹನ್ನೊಂದು ಕಟ್ಟಡದ ಮೇಲೆ ಕೂತಿದೆ. ನೋಡು, ಕೆಳಗೆ ನಿನ್ನ ಹೆಸರು."

ಹೌದು, ಅವನು ತೆಗೆದು ತೋರಿಸಿದ ಹಾಳೆಯ ಕೆಳಗೆ ಅವಳ ಹೆಸರು ಇತ್ತು. ಅವಳಿಗೆ ನೆನಪಾಯಿತು. ಮೊದಲು ತೂತು ಇಟ್ಟೇ ಬರೆದಿದ್ದಳು. "ಸೋರುತ್ತೆ, ಮುಚ್ಚು" ಎಂದಿದ್ದ ಶರ್ಶೆನ್. "ಆಯ್ತು ಬಾಯ್ಕೆ" ಅಂದು ತನ್ನ ಕೈಯಾರೆ ಮುಚ್ಚಿದ್ದಳು, ನಗುನಗುತ್ತ. ಅವನ ಮೇಲಿದ್ದ ಸಿಟ್ಟೆಲ್ಲ ತಿರುಗಿ ಅವಳ ಮೇಲೇ ಬಿತ್ತು. ನಾಚಿಕೆಗೇಡು ಅನಿಸಿತು. ತನ್ನ ಮೇಜಿಗೆ ಹೋಗಿ, ಗ್ರಂಥಾಲಯದ ಮುಚ್ಚಳವಿಲ್ಲದ ನಕ್ಷೆಯನ್ನೇ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಸುತ್ತಿಕೊಂಡಳು.

"ಎಲ್ಲಿಗೆ?" ಶರ್ಶೆನ್ ಬಾಗಿಲಿಗೆ ಬಂದಿದ್ದ.

"ಗ್ರಂಥಾಲಯ ಸಮಿತಿ ಮುಂದೆ. ನಾನೇ ತೋರಿಸ್ತೀನಿ."

"ಹೋದ್ರೆ ನಾಳೆ ಈ ಮೇಜು ನಿಂದಲ್ಲ, ತಿಳ್ಕೋ."

"ಇಟ್ಕೊಳ್ಳಿ. ಆ ಮುಚ್ಚಳಾನೂ ನೀವೇ ಇಟ್ಕೊಳ್ಳಿ. ಆದ್ರೆ ಅದರ ಕೆಳಗಿರೋ ನನ್ನ ಹೆಸರು ಮಾತ್ರ ಅಳಿಸ್ಬೇಡಿ ಬಾಯ್ಕೆ. ಹನ್ನೊಂದು ಕಟ್ಟಡ ಕತ್ತಲು ಮಾಡ್ದೋಳು ನಾನೇ ಅಂತ ಊರಿಗೆ ಗೊತ್ತಾಗ್ಲಿ."