ಚಂದುವಿನ ಓಟ

"ಬಸ್ಸು ಹೊರಟರೂ ಓಡದವ ನೀನು. ಇಪ್ಪತ್ತಾರು ಮೈಲಿ ಓಡ್ತೀಯಾ ಮಾರಾಯ?" ಗಲ್ಲಾಪೆಟ್ಟಿಗೆಯ ಹಿಂದಿನಿಂದ ಗುಂಡಣ್ಣ ಕೇಳಿದ್ದರು.

"ಚಂದು ಒಪ್ಪಿಕೊಂಡದ್ದಲ್ವಾ ಧಣಿ," ಎಂದಷ್ಟೇ ಹೇಳಿದ್ದ ರಘುರಾಮ.

ಪ್ಯಾರೀಸ್ ಕಾರ್ನರಿನ ಗುಂಡಣ್ಣನವರ ಹೋಟೆಲಿನಲ್ಲಿ ಚಂದು, ರಘುರಾಮ ಇಬ್ಬರೂ ಸಪ್ಲೈಯರುಗಳು. ಪೋಲಿಯೋ ಮಕ್ಕಳ ಆಶ್ರಮಕ್ಕಾಗಿ ನಡೆಯುವ ಮ್ಯಾರಥಾನಿಗೆ ಹೆಸರು ಕೊಟ್ಟವನು ಚಂದು. ಓಟ ಮುಗಿಸಿದರೆ ಮಾತ್ರ ಆಶ್ರಮಕ್ಕೆ ದುಡ್ಡು ಎಂದು ದಿನಾ ಬರುವ ಗಿರಾಕಿಗಳು ನಗುತ್ತಾ ಮಾತು ಕೊಟ್ಟಿದ್ದರು. ಆಮೇಲೊಂದು ರಜೆಯ ದಿನ ತಿರುವೊಟ್ಟಿಯೂರಿನಲ್ಲಿ ಈಜಲು ಸಮುದ್ರಕ್ಕಿಳಿದ ಚಂದು ಮರಳಲಿಲ್ಲ. ಅವನ ಅಂಗಿ ಹಿಡಿದು ದಡದಲ್ಲಿ ಕೂತಿದ್ದವನು ರಘುರಾಮ.

ಮರೀನಾದಿಂದ ಎಣ್ಣೂರಿಗೆ ಓಡಿ, ಅಲ್ಲಿ ಮುಟ್ಟಿದ್ದಕ್ಕೆ ಗುರುತಿನ ಚೀಟಿ ಪಡೆದು ವಾಪಸು ಬರಬೇಕು. ಕಾಸಿಮೇಡಿನ ಮೀನಿನ ವಾಸನೆ ದಾಟುವವರೆಗೂ ಚಂದುವಿನ ಬದಲು ಓಡುತ್ತಿದ್ದ ರಘುರಾಮನಿಗೆ ಎಲ್ಲ ಸರಿಯಿತ್ತು. ತಿರುವೊಟ್ಟಿಯೂರಿನಲ್ಲಿ ಬೆನ್ನ ಹಿಂದೆ ಬರಿಗಾಲಿನ ಹೆಜ್ಜೆ ಕೇಳಿಸಿತು. ತಟ್ಟೆಗಳನ್ನು ಹೊತ್ತು ಓಡಾಡುವಾಗ ಚಂದು ಎಳೆಯುತ್ತಿದ್ದಂತೆ ಎಡಗಾಲನ್ನು ತುಸು ಎಳೆಯುವ ಹೆಜ್ಜೆ. ತಿರುಗಿದರೆ ಖಾಲಿ ರಸ್ತೆ, ಉಪ್ಪುಗಾಳಿ.

ಎಣ್ಣೂರಿನಲ್ಲಿ ಚೀಟಿ ಬರೆಯುವವನು "ಪೇರೆನ್ನಪ್ಪಾ?" ಎಂದು ಹೆಸರು ಕೇಳಿದ.

"ಚಂದು."

ಹೋಟೆಲಿನ ರೂಢಿ ಅದು. ಒಬ್ಬ ಸಪ್ಲೈಯರು ನಡುವೆ ಎದ್ದು ಹೋದರೆ, ಅವನ ಟೇಬಲ್ ನೋಡಿಕೊಳ್ಳುವವನು ಅವನ ಹೆಸರಿನಲ್ಲೇ ಅಡುಗೆಮನೆಗೆ ಆರ್ಡರ್ ಕೂಗಬೇಕು; ಇಲ್ಲವಾದರೆ ದೋಸೆ ಬೇರೆ ಟೇಬಲ್ಲಿಗೆ ಹೋಗುತ್ತದೆ. ನಾಲಿಗೆ ಅಭ್ಯಾಸಬಲದಿಂದ ಹೇಳಿಬಿಟ್ಟಿತ್ತು. ತಿದ್ದುವಷ್ಟರಲ್ಲಿ ಚೀಟಿ ಕೈಗೆ ಬಂತು.

ಅಲ್ಲಿಂದ ಹೆಜ್ಜೆ ಹಿಂದೆ ಕೇಳಿಸಲಿಲ್ಲ. ಮುಂದೆ ಕೇಳಿಸಿತು.

ರಘುರಾಮ ಅದರ ಬೆನ್ನು ಹಿಡಿದು ಓಡಿದ. ಬಿಸಿಲೇರಿತು. ತೊಡೆಗಳು ಕಲ್ಲಾದವು. ತಿರುವೊಟ್ಟಿಯೂರಿನಲ್ಲಿ ಹೆಜ್ಜೆ ರಸ್ತೆ ಬಿಟ್ಟು ಸಮುದ್ರದ ಕಡೆ ಹೊರಳಿತು. ಇವನೂ ಹೊರಳಿದ. ಉರಿಯುವ ಕಾಲಿಗೆ ನೀರು ಎಷ್ಟು ಹಿತವಾಗಿತ್ತೆಂದರೆ, ಮೊಣಕಾಲು ಮುಳುಗಿದ್ದೂ ತಿಳಿಯಲಿಲ್ಲ. ಅಲೆಯೊಂದು ಸೊಂಟಕ್ಕೆ ಬಡಿದಾಗ ಕೈಯಲ್ಲಿದ್ದ ಚೀಟಿಯನ್ನು ತಟ್ಟನೆ ತಲೆಯ ಮೇಲಕ್ಕೆತ್ತಿದ.

ಇದು ಒದ್ದೆಯಾದರೆ ಮಕ್ಕಳಿಗೆ ಏನೂ ಸಿಗುವುದಿಲ್ಲ.

"ಟೇಬಲ್ ನಾನು ನೋಡ್ಕೊಳ್ತೇನೆ ಮಾರಾಯ," ಎಂದ ನೀರಿಗೆ. "ನೀನು ಹೋಗು."

ರಸ್ತೆಗೆ ಮರಳಿದಾಗ ಆ ಹೆಜ್ಜೆ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ತನ್ನ ಒಂಟಿ ಹೆಜ್ಜೆಯ ಸದ್ದು ಇಷ್ಟು ಭಯಾನಕವಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಮರೀನಾದಲ್ಲಿ ಚೀಟಿ ನೋಡಿ ಮೈಕಿನವನು "ಚಂದು!" ಎಂದು ಕೂಗಿದ. ಚಪ್ಪಾಳೆ ತಟ್ಟುತ್ತಿದ್ದ ಗುಂಡಣ್ಣನವರ ಕೈಗಳು ಗಾಳಿಯಲ್ಲೇ ನಿಂತವು.

"ಯಾರ ಹೆಸರು ಬರೆಸಿದ್ದು ನೀನು?" ಎಂದರು, ಪಿಸುದನಿಯಲ್ಲಿ.

ರಘುರಾಮ ಮರಳಿನಲ್ಲಿ ಕುಸಿದು ಕೂತ. ಮೈಕಿನವನು ಇನ್ನೊಮ್ಮೆ ಅದನ್ನೇ ಕೂಗಲಿ ಎಂದು ಕಿವಿಗೊಟ್ಟು ಕಾದ. ಅವನಾಗಲೇ ಮುಂದಿನ ಹೆಸರಿಗೆ ಹೋಗಿದ್ದ.